ಬರಿಗೈ

ಮೆಯಿನಿರ್‌ಳ ಕೈ ನೋಡಿದವರು ಅವಳನ್ನು ನರ್ಸ್ ಅಂದುಕೊಳ್ಳುತ್ತಿರಲಿಲ್ಲ, ಕಲ್ಲುಗಣಿಯಲ್ಲಿ ದುಡಿದವಳು ಅಂದುಕೊಳ್ಳುತ್ತಿದ್ದರು. ಬೆರಳ ಗೆಣ್ಣುಗಳೆಲ್ಲ ಬಿರಿದು, ಬೆರಳ ಸಂದಿಯಲ್ಲಿ ಚರ್ಮ ಸುಲಿದು, ಚಳಿಗಾಲ ಬಂತೆಂದರೆ ರಕ್ತ ಜಿನುಗುತ್ತಿತ್ತು. ಮಲಗುವಾಗ ಕೈತುಂಬ ಮುಲಾಮು ಮೆತ್ತಿಕೊಂಡು ಮೇಲೆ ಗಂಡನ ಹಳೆಯ ಹತ್ತಿಯ ಕಾಲುಚೀಲ ಎಳೆದುಕೊಳ್ಳುತ್ತಿದ್ದಳು. ಗಂಡ ಎಮ್ರಿಸ್ ಐರ್ಲೆಂಡಿಗೆ ಹೋಗಿಬರುವ ಹಡಗಿನಲ್ಲಿ ಅಡಿಗೆಯವನು, ವಾರ ಬಿಟ್ಟು ವಾರ ಮನೆಯಲ್ಲಿರುತ್ತಿದ್ದ. "ನನ್ ಕಾಲಿಗಿಂತ ನಿನ್ ಕೈಗೇ ಜಾಸ್ತಿ ಕಾಲುಚೀಲ ಬೇಕಲ್ಲೇ" ಎಂದು ನಗುತ್ತಿದ್ದ.

ನಮ್ಮ ಅಬೆರ್‌ವೆನ್ ಊರಿನ ಆಸ್ಪತ್ರೆಯಲ್ಲಿ ಮೆಯಿನಿರ್ ಇದ್ದದ್ದು ವೃದ್ಧರ ವಾರ್ಡಿನಲ್ಲಿ. ನಾನು ಅದೇ ವಾರ್ಡಿನ ಬಾಗಿಲ ಬಳಿಯ ಮೇಜಿನ ಹಿಂದೆ ಕೂತು ಫೋನು ಎತ್ತುವವಳು, ಬಂದವರಿಗೆ ಹಾಸಿಗೆ ತೋರಿಸುವವಳು. ಹಾಗಾಗಿ ಇದರಲ್ಲಿ ಅರ್ಧ ನಾನೇ ಕಂಡದ್ದು, ಉಳಿದದ್ದು ಅವರವರ ಬಾಯಿಂದಲೇ ಕೇಳಿದ್ದು.

ಅವಳ ಜೋಡಿ ಡೆಲಿತ್. ಡೆಲಿತ್ ನರ್ಸ್ ಅಲ್ಲ, ವಾರ್ಡಿನ ಸಹಾಯಕಿ. ಮೈ ಒರೆಸುವುದು, ಉಣಿಸುವುದು, ಹಾಸಿಗೆ ಬದಲಿಸುವುದು, ಮಲಮೂತ್ರ ತೆಗೆಯುವುದು ಅವಳ ಪಾಲಿನ ಕೆಲಸ. ಅವಳು ನಕ್ಕರೆ ಕೆಳಗಿನ ಅಂತಸ್ತಿನ ಎಕ್ಸ್‌ರೇ ಕೋಣೆಗೂ ಕೇಳಿಸುತ್ತಿತ್ತು. ಗಂಡ ಚಾವಣಿ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರಿಂದ ಸಂಸಾರವೆಲ್ಲ ಅವಳೊಬ್ಬಳ ಸಂಬಳದ ಮೇಲೆಯೇ ನಡೆಯುತ್ತಿತ್ತು. ಅವಳ ಕೈಯಂತೂ ಮೆಯಿನಿರ್‌ಳ ಕೈಗಿಂತ ಕಡೆ. ಮದುವೆಯ ಉಂಗುರ ಬೆರಳಿಗೆ ಹತ್ತದೆ ಕತ್ತಿನ ಸರಕ್ಕೆ ಪೋಣಿಸಿಕೊಂಡಿದ್ದಳು.

ಕತೆ ಶುರುವಾದದ್ದು ಒಂದು ತರಬೇತಿಯಿಂದ. ಪ್ರತಿ ವಾರ್ಡಿನಿಂದ ಒಬ್ಬರು ಹೋಗಲೇಬೇಕೆಂದು ಮೇಲಿನಿಂದ ಆಜ್ಞೆ ಬಂತು. ವಿಷಯ, ಆಸ್ಪತ್ರೆ ಮತ್ತು ಪರಿಸರ. ಯಾರಿಗೂ ಬೇಡ.

"ಹೋಗೇ ಮಾರಾಯ್ತಿ," ಡೆಲಿತ್ ಮೆಯಿನಿರ್‌ಳನ್ನು ದೂಡಿದಳು. "ದೊಡ್ಡ ಹೋಟ್ಲಂತೆ, ಊಟ ಪುಕ್ಕಟೆಯಂತೆ. ಭಾಷಣದ ಹೊತ್ತಿಗೆ ಒಂದ್ ನಿದ್ದೆ ತೆಗಿ. ಸಾಲ್ಮನ್ ಮೀನೇನಾದ್ರೂ ಇದ್ರೆ ನಂಗೊಂದ್ ತುಂಡು ಚೀಲಕ್ಕೆ ಹಾಕ್ಕೊಂಡ್ ಬಾ."

ಮೆಯಿನಿರ್ ನಿದ್ದೆ ಮಾಡಲೆಂದೇ ಹೋದವಳು. ಆದರೆ ಅಲ್ಲಿ ಮಾತಾಡಿದಾಕೆಯೂ ನರ್ಸೇ. ಒಂದು ವಾರ್ಡಿನಲ್ಲಿ ಒಂದೇ ದಿನ ಬಳಸಿ ಬಿಸಾಡುವಷ್ಟು ನೀಲಿ ಕೈಗವಸುಗಳನ್ನು ಚೀಲದಿಂದ ಸುರಿದಳು. ಮೇಜು ತುಂಬಿ ಅವು ನೆಲಕ್ಕೂ ಉರುಳಿದವು. "ಇದರಲ್ಲಿ ನಿಜಕ್ಕೂ ಬೇಕಾಗಿದ್ದವು ಎಷ್ಟು?" ಎಂದು ಕೇಳಿದಳು. ಚಹಾ ಕೊಡಲು, ಗಾಲಿಕುರ್ಚಿ ತಳ್ಳಲು, ತಲೆ ಬಾಚಲು, ಮಂಚ ಸರಿಸಲು ಹಾಕಿಕೊಂಡವನ್ನು ಪಕ್ಕಕ್ಕೆ ತೆಗೆಯುತ್ತ ಹೋದಂತೆ ಮೇಜಿನ ಮೇಲೆ ಉಳಿದದ್ದು ಒಂದು ಸಣ್ಣ ಗುಡ್ಡೆ. ಬಿಸಾಡಿದ್ದೆಲ್ಲ ಕಿತ್ತಳೆ ಬಣ್ಣದ ಚೀಲ ಸೇರಿ, ಲಾರಿ ಹತ್ತಿ, ಗುಡ್ಡದಾಚೆ ಎಲ್ಲೋ ಕುಲುಮೆಯಲ್ಲಿ ಸುಟ್ಟು ಹೊಗೆಯಾಗುತ್ತದೆ ಎಂದಳು. ಆಮೇಲೆ ಸುಮ್ಮನೆ ಸೇರಿಸಿದಳು: "ನಿಮ್ಮ ಕೈ ಒಡೆಯುವುದು ಸೋಪಿನಿಂದಷ್ಟೇ ಅಲ್ಲ. ಇಡೀ ದಿನ ಆ ರಬ್ಬರಿನೊಳಗೆ ಬೆವೆತು ಬೇಯುತ್ತವಲ್ಲ, ಅದಕ್ಕೂ ಒಡೆಯುತ್ತವೆ."

ಮೆಯಿನಿರ್ ತನ್ನ ಕೈ ನೋಡಿಕೊಂಡಳು. ಇಷ್ಟು ವರ್ಷ ಮುಲಾಮಿನ ಡಬ್ಬಿ ಬದಲಾಯಿಸಿದ್ದಳೇ ಹೊರತು ಇದು ಹೊಳೆದಿರಲಿಲ್ಲ. ಊಟಕ್ಕೆ ಸಾಲ್ಮನ್ ಇತ್ತು. ಡೆಲಿತ್‌ಗೆ ತರುವುದನ್ನು ಮರೆತಳು.

ವಾರ್ಡಿನ ಮೇಲ್ವಿಚಾರಣೆ ಹೆಲೆಡ್‌ಳದು. ಒಂದು ಕಾಲಕ್ಕೆ ಮೆಯಿನಿರ್‌ಳ ಕೈಕೆಳಗೇ ಸೂಜಿ ಚುಚ್ಚುವುದು ಕಲಿತ ಹುಡುಗಿ. ಈಗ ಗಾಜಿನ ಕೋಣೆಯಲ್ಲಿ ಕೂರುವ ಸಿಸ್ಟರ್. ಮೆಯಿನಿರ್ ಹೇಳಿದ್ದನ್ನೆಲ್ಲ ಕೇಳಿ, "ಮಾಡು. ಆದ್ರೆ ನನ್ನ ಹತ್ರ ಜನ ಕೇಳ್ಬೇಡ, ಟೈಮ್ ಕೇಳ್ಬೇಡ" ಎಂದಳು.

ಮೆಯಿನಿರ್ ಉಪದೇಶ ಮಾಡುವವಳಲ್ಲ. ಪಾಳಿ ಬದಲಾಗುವಾಗ ಎಲ್ಲರೂ ನಿಂತಿರುತ್ತಾರಲ್ಲ, ಆಗ ಎರಡು ಮಾತು ಹೇಳುತ್ತಿದ್ದಳು. ರಕ್ತ, ಮಲ, ಮೂತ್ರ, ವಾಂತಿ, ಗಾಯ ಇದ್ದಲ್ಲಿ ಕೈಗವಸು ಹಾಕಲೇಬೇಕು. ಊಟ ಕೊಡುವಾಗ, ಕೈಹಿಡಿದು ನಡೆಸುವಾಗ, ಹೊದಿಕೆ ಸರಿಮಾಡುವಾಗ ಬೇಡ. ಕೈ ತೊಳೆದರೆ ಸಾಕು. ಅದನ್ನೇ ದಿನಾ ಹೇಳುತ್ತಿದ್ದಳು. ಡೆಲಿತ್ ಅವಳ ಹಿಂದೆ ನಿಂತು ಚಾಪೆಲ್ಲಿನ ಪಾದ್ರಿಯ ಹಾಗೆ ಕಣ್ಣು ಮುಚ್ಚಿ, "ತೊಳೆಯಿರಿ, ತೊಳೆಯಿರಿ, ನಿಮಗೆ ಸ್ವರ್ಗ ಪ್ರಾಪ್ತಿಯಾಗುವುದು" ಎಂದು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಅದೇ ದಿನಗಳಲ್ಲಿ ಇಡ್ವಾಲ್ ಮುದುಕ ಬಂದು ಕಿಟಕಿಯ ಪಕ್ಕದ ಹಾಸಿಗೆ ಹಿಡಿದ. ಸ್ಲೇಟುಕಲ್ಲಿನ ಗಣಿಯಲ್ಲಿ ದುಡಿದು ಎದೆತುಂಬ ದೂಳು ತುಂಬಿಕೊಂಡವನು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಎಳೆಯಬೇಕು, ಆದರೂ ಮಾತು ಬಿಡುವವನಲ್ಲ. ಮಗಳು ಎಲೆರಿ ಅಂಚೆ ಕಚೇರಿಯಲ್ಲಿ ಕೂರುತ್ತಾಳೆ. ಮೆಯಿನಿರ್ ಹೋಗುವ ಚಾಪೆಲ್ಲಿಗೇ ಹೋಗುತ್ತಾಳೆ, ಅದೇ ಸಾಲಿನಲ್ಲಿ ಕೂತು ಹಾಡುತ್ತಾಳೆ.

ಬಂದ ಮೊದಲ ದಿನ ಬೇರೆ ಯಾರೋ ನರ್ಸ್ ಅಭ್ಯಾಸಬಲದಿಂದ ಕೈಗವಸು ಹಾಕಿಕೊಂಡು ಚಹಾ ತಂದಳು. ಇಡ್ವಾಲ್ ಲೋಟ ಮುಟ್ಟಲಿಲ್ಲ.

"ಯಾಕಮ್ಮಾ... ನಾನೇನು ಸತ್ತ ಮೀನಾ? ಅಷ್ಟು ನಾತ ಹೊಡೀತೀನಾ?"

ಮೆಯಿನಿರ್ ಹೋಗಿ ಆ ಲೋಟ ತೆಗೆದುಕೊಂಡು ಬರಿಗೈಯಲ್ಲಿ ಅವನ ಕೈಗಿಟ್ಟಳು. ಅವನು ಲೋಟದ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡು ತಿರುಗಿಸಿ ನೋಡಿದ.

"ನಿಂದೂ ಗಣಿ ಕೈಯೇ ಅಲ್ವಾ ಹುಡುಗಿ. ಯಾವ ಗಣಿ?"

"ಇದೇ ಗಣಿ. ನೀವೆಲ್ಲ ಬಂದು ಬೀಳ್ತೀರಲ್ಲ, ಅದೇ."

ಮುದುಕ ಕೆಮ್ಮು ಬರುವವರೆಗೂ ನಕ್ಕ.

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ವಾರ್ಡಿನಿಂದ ಹೋಗುವ ಕಿತ್ತಳೆ ಚೀಲ ಕಮ್ಮಿಯಾಗಿದ್ದು ಕಸ ಎತ್ತುವವನಿಗೇ ಗೊತ್ತಾಗಿ, "ಏನ್ ಮೇಡಂ, ರೋಗಿಗಳೆಲ್ಲ ಗುಣವಾಗ್ಬಿಟ್ರಾ?" ಎಂದು ಕೇಳಿದ. ಆದರೆ ನಾವು ಕಂಡ ದೊಡ್ಡ ಬದಲಾವಣೆ ಬೇರೆ. ಕೈಗಳು ವಾಸಿಯಾಗತೊಡಗಿದವು. ಮೆಯಿನಿರ್‌ಳ ಗೆಣ್ಣುಗಳ ಮೇಲೆ ಎಳೆಯ ಗುಲಾಬಿ ಚರ್ಮ ಬಂತು. ಡೆಲಿತ್ ಒಂದು ಬೆಳಿಗ್ಗೆ ಒಳಗೆ ಬಂದವಳೇ ನನ್ನ ಮೇಜಿನ ಮೇಲೆ ಎಡಗೈ ಚಾಚಿಟ್ಟಳು. ಉಂಗುರ ಬೆರಳಲ್ಲಿತ್ತು.

"ನೋಡೇ, ಮತ್ತೆ ಮದುವೆಯಾಗಿದ್ದೀನಿ. ಅದೇ ಗಂಡು, ಏನ್ ಮಾಡೋದು."

ಚರ್ಮ ಸುಲಿದು ರಜೆ ಹಾಕುವವರು ಇಲ್ಲವಾದರು. ಊಟದ ಕೋಣೆಯಲ್ಲಿ ಮೊದಲು ಎಲ್ಲರೂ ಮೊಬೈಲು ನೋಡುತ್ತ ಒಬ್ಬರ ಮುಖ ಒಬ್ಬರು ನೋಡದೆ ತಿನ್ನುತ್ತಿದ್ದವರು, ಈಗ ಮಾತಾಡುತ್ತಿದ್ದರು. ಬದಲಾಗಿದ್ದು ಕೈಗವಸಷ್ಟೇ ಅಲ್ಲ. ನಾವೂ ಏನೋ ಒಂದನ್ನು ಸರಿಮಾಡಬಹುದು ಅನ್ನುವುದು ಆ ವಾರ್ಡಿನಲ್ಲಿ ಯಾರಿಗಾದರೂ ಅನ್ನಿಸಿ ಬಹಳ ಕಾಲವಾಗಿತ್ತು. ಮೆಯಿನಿರ್ ಪ್ಲಾಸ್ಟಿಕ್ ಲೋಟ ಬಿಟ್ಟು ಪಿಂಗಾಣಿ ತರಿಸುವ ಮಾತಾಡಿದಳು. ಕಿಟಕಿ ತೆರೆಯಲು ಬರುವಂತೆ ಮಾಡಿಸುವ ಮಾತಾಡಿದಳು. ನಾವೂ ತಲೆಯಾಡಿಸಿದೆವು.

ಆಮೇಲೆ ದೊಡ್ಡ ಕಚೇರಿಯಿಂದ ಪ್ರಥೆರೋ ಎಂಬಾತ ಬಂದ. ತೆಳ್ಳನೆಯ ಮನುಷ್ಯ, ಮಾತು ಮೃದು, ಎಲ್ಲರ ಹೆಸರೂ ಮೊದಲೇ ಕೇಳಿ ತಿಳಿದುಕೊಂಡು ಬಂದಿದ್ದ. ಇದು ಹಸಿರು ವಾರ್ಡು ಎಂದು ಬಾಗಿಲಿಗೆ ಹಸಿರು ಎಲೆಯ ಚಿತ್ರವಿದ್ದ ಫಲಕ ಅಂಟಿಸಿದರು, ಫೋಟೋ ತೆಗೆದರು. ಇಡ್ವಾಲ್ ತನ್ನನ್ನೂ ಫೋಟೋದಲ್ಲಿ ಸೇರಿಸಬೇಕೆಂದು ಹಟ ಹಿಡಿದದ್ದರಿಂದ ಅವನ ಗಾಲಿಕುರ್ಚಿಯನ್ನೂ ಮಧ್ಯಕ್ಕೆ ತಂದರು. ಮುದುಕ ಆಗಾಗ ಮನೆಗೆ ಹೋಗುವುದು, ಉಸಿರು ಕಟ್ಟಿ ಮತ್ತೆ ನಮ್ಮಲ್ಲಿಗೇ ಬರುವುದು ಮಾಡುತ್ತಿದ್ದ; ವಾರ್ಡು ಅವನಿಗೆ ಎರಡನೇ ಮನೆಯಾಗಿತ್ತು.

ಎಲ್ಲ ಮುಗಿದ ಮೇಲೆ ಪ್ರಥೆರೋ ಕೇಳಿದ, "ಹಾಗಾದ್ರೆ ಮೊದಲು ತರಿಸ್ತಿದ್ದ ಅರ್ಧದಷ್ಟು ಸಾಕಾಗ್ತಿದೆ ಅನ್ನಿ?"

"ಈಗ ಸಾಕಾಗ್ತಿದೆ," ಎಂದಳು ಮೆಯಿನಿರ್. "ಆದ್ರೆ ಭೇದಿ ಶುರುವಾಯ್ತು ಅಂದ್ರೆ ಒಂದೇ ದಿನಕ್ಕೆ ವಾರದ್ದೆಲ್ಲ ಖಾಲಿಯಾಗತ್ತೆ. ಬೀರು ತುಂಬ ಇರ್ಲೇಬೇಕು."

"ಖಂಡಿತ, ಖಂಡಿತ" ಎಂದ ಪ್ರಥೆರೋ.

ಮುಂದಿನ ತಿಂಗಳಿಂದ ಕೈಗವಸು ಅರ್ಧಕ್ಕರ್ಧ ಬಂತು. ಅಷ್ಟೇ ಅಲ್ಲ. ನಮ್ಮಲ್ಲಿ ಎರಡು ಜಾಗ ಖಾಲಿಯಿದ್ದವು, ಅವಕ್ಕೆ ಹೊರಗಿನಿಂದ ದಿನಗೂಲಿಯ ನರ್ಸುಗಳನ್ನು ಕರೆಸುತ್ತಿದ್ದರು. ಅದೂ ನಿಂತಿತು. ಸಿಬ್ಬಂದಿಯ ಆರೋಗ್ಯ ಸುಧಾರಿಸಿದೆ, ರಜೆ ಕಮ್ಮಿಯಾಗಿದೆ, ಹೀಗಾಗಿ ಇದ್ದವರೇ ಸಾಕು ಎಂದು ಮೇಲಿನವರ ಲೆಕ್ಕ.

ಮೆಯಿನಿರ್ ಗಾಜಿನ ಕೋಣೆಗೆ ನುಗ್ಗಿದಳು. ಬಾಗಿಲು ತೆರೆದೇ ಇತ್ತು, ನನಗೆಲ್ಲ ಕೇಳಿಸಿತು.

"ನಾವು ಸ್ವಲ್ಪ ಉಸಿರಾಡೋ ಹಾಗಾದ್ವಿ ಅಂತ ಜನ ಕಿತ್ಕೊಳ್ಳೋದಾ ಹೆಲೆಡ್? ನಾನು ಕಡಿಮೆ ಸುಡೋಣ ಅಂದೆ, ಕಡಿಮೆ ಕೊಡಿ ಅಂದ್ನಾ?"

"ನನ್ನ ಕೈಯಲ್ಲೇನಿದೆ ಹೇಳು. ನೀನೇ ತೋರಿಸಿಕೊಟ್ಟೆಯಲ್ಲ, ಅರ್ಧ ಸಾಕು ಅಂತ. ಈಗ ಸಾಲಲ್ಲ ಅಂದ್ರೆ ಅವರು ಕೇಳ್ತಾರಾ?"

ಮೆಯಿನಿರ್ ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತಳು. ಅಷ್ಟರಲ್ಲಿ ಯಾವುದೋ ಹಾಸಿಗೆಯಿಂದ ಕರೆಗಂಟೆ ಹೊಡೆಯಿತು, ಹೋದಳು.

ಚಳಿಗಾಲ ಹೇಗೋ ಕಳೆಯಿತು. ಮಾರ್ಚ್‌ನಲ್ಲಿ ಸೋಂಕು ಬಂತು. ಔಷಧಿ ತಿಂದು ತಿಂದು ಸೊರಗಿದ ಮುದಿ ಕರುಳಿಗೆ ಹತ್ತುವ ಸೋಂಕು ಅದು. ಒಬ್ಬರಿಗೆ ಭೇದಿ ಶುರುವಾದರೆ ಕೈಯಿಂದ ಕೈಗೆ, ಪಾತ್ರೆಯಿಂದ ಪಾತ್ರೆಗೆ ಹರಡುತ್ತ ಹೋಗುತ್ತದೆ. ಬೆಡ್‌ಪ್ಯಾನ್ ತೊಳೆಯುವ ಯಂತ್ರ ಅದಕ್ಕೂ ಮುಂಚೆಯೇ ಕೆಟ್ಟು ಕೂತಿತ್ತು. ರಿಪೇರಿಯವನು ದಕ್ಷಿಣದಿಂದ ಬರಬೇಕು, ನಾಳೆ ನಾಡಿದ್ದು ಎನ್ನುತ್ತಿದ್ದ. ಅಲ್ಲಿಯವರೆಗೆ ಡೆಲಿತ್ ಕೈಯಲ್ಲೇ ತೊಳೆಯುತ್ತಿದ್ದಳು.

ಆ ಶನಿವಾರ ಭಾನುವಾರ ಮೆಯಿನಿರ್‌ಗೆ ರಜೆ. ಇಡೀ ವಾರ್ಡಿಗೆ ಇದ್ದದ್ದು ಡೆಲಿತ್ ಮತ್ತು ಬೇರೆ ವಾರ್ಡಿನಿಂದ ಎರವಲು ಬಂದ ಒಬ್ಬ ನರ್ಸ್. ಭಾನುವಾರ ಬೆಳಿಗ್ಗೆಗೇ ಕೈಗವಸಿನ ಬೀರು ಬರಿದಾಯಿತು. ಉಗ್ರಾಣಕ್ಕೆ ಭಾನುವಾರ ಬೀಗ. ಡೆಲಿತ್ ಅಕ್ಕಪಕ್ಕದ ವಾರ್ಡುಗಳಿಗೆ ಓಡಿ ಬೇಡಿದಳು. ಅವರದ್ದೂ ಅದೇ ಪಾಡು. ಒಬ್ಬರು ಅರ್ಧ ಡಬ್ಬಿ ಕೊಟ್ಟರು. ಆ ದಿನ ಹೊಣೆ ಹೊತ್ತಿದ್ದ ಮೇಲಧಿಕಾರಿಗೆ ಫೋನು ಮಾಡಿದಳು, ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಅರ್ಧ ಡಬ್ಬಿಯೂ ಮುಗಿಯಿತು.

ಮುಂದಿನದನ್ನು ಡೆಲಿತ್ ನನಗೆ ಹೇಳಿದ್ದು ಬಹಳ ದಿನಗಳಾದ ಮೇಲೆ.

"ಇಡ್ವಾಲ್ ಪಕ್ಕದ ಹಾಸಿಗೆಯವರಿದ್ರಲ್ಲ, ಸ್ಕೂಲಿನ ಹೆಡ್‌ಮಾಸ್ಟರ್ ಆಗಿದ್ದೋರು. ಹಾಸಿಗೆ ತುಂಬ ಮಾಡ್ಕೊಂಡು ಗೋಡೆ ಕಡೆ ತಿರುಗಿ ಅಳ್ತಿದ್ರು ಕಣೆ. ನನಗೇ ಎರಡನೇ ಕ್ಲಾಸಲ್ಲಿ ಮಗ್ಗಿ ಹೇಳ್ಕೊಟ್ಟೋರು. ಗ್ಲೌಸು ಬರ್ಲಿ ಅಂತ ಅವರನ್ನ ಅದರಲ್ಲೇ ಬಿಡ್ಲಾ? ಬರಿಗೈಲೇ ಎತ್ತಿದೆ, ತೊಳೆದೆ, ಬಟ್ಟೆ ಬದಲಾಯಿಸಿದೆ. ಕೈ ತೊಳ್ಕೊಂಡೆ. ಆಣೆ, ತೊಳ್ಕೊಂಡೆ. ಅಷ್ಟರಲ್ಲಿ ಮೂರು ಕಡೆ ಗಂಟೆ ಹೊಡೀತಿತ್ತು. ಚೆನ್ನಾಗಿ ತೊಳ್ಕೊಂಡ್ನಾ ಅಂದ್ರೆ ಏನ್ ಹೇಳ್ಲಿ? ಆಮೇಲೆ ಇಡ್ವಾಲ್‌ಗೆ ಸೂಪು ಕುಡಿಸ್ದೆ. ಬ್ರೆಡ್ಡು ನಾನೇ ಮುರಿದು ಬಾಯಿಗಿಟ್ಟೆ."

ಸೋಮವಾರ ಬೆಳಿಗ್ಗೆ ಮೆಯಿನಿರ್ ಬಂದು ಬೀರು ತೆರೆದು ನೋಡಿದಳು. ಕೋಟೂ ಬಿಚ್ಚದೆ ಉಗ್ರಾಣಕ್ಕೆ ಇಳಿದುಹೋಗಿ, ಅಲ್ಲಿದ್ದವನ ಮಾತು ಕೇಳದೆ, ಎದೆಯ ಎತ್ತರಕ್ಕೆ ಡಬ್ಬಿಗಳನ್ನು ಹೊತ್ತು ತಂದಳು. ತಡವಾಗಿತ್ತು. ಬುಧವಾರ ಇಡ್ವಾಲ್‌ಗೆ ಶುರುವಾಯಿತು.

ಆ ಎದೆಗೆ ಅದನ್ನು ತಾಳುವ ಶಕ್ತಿ ಇರಲಿಲ್ಲ. ಅವನನ್ನು ಒಂಟಿ ಕೋಣೆಗೆ ಹಾಕಿದರು. ಈಗ ಒಳಗೆ ಹೋಗುವವರೆಲ್ಲ ಮೈಗೆ ಪ್ಲಾಸ್ಟಿಕ್, ಕೈಗೆ ಕೈಗವಸು ಹಾಕಿಕೊಂಡೇ ಹೋಗಬೇಕು. ಮೆಯಿನಿರ್ ಅವನ ಪಕ್ಕ ಕೂತಾಗ ಅವನು ತನ್ನ ಮುಂಗೈ ಮೇಲಿದ್ದ ಅವಳ ನೀಲಿ ಬೆರಳುಗಳನ್ನು ನೋಡಿದ.

"ಕೊನೆಗೂ... ಮೀನೇ ಮಾಡಿದ್ರಲ್ಲ ನನ್ನ."

"ನಿಮಗೋಸ್ಕರ ಅಲ್ಲ. ಆಚೆ ಕೋಣೆಯವರಿಗೆ ಹತ್ಬಾರ್ದು ಅಂತ."

"ಗೊತ್ತು ಮಗಳೇ... ತಮಾಷೆ."

ಅವಳಿಗೆ ಕೈಗವಸು ಕಿತ್ತು ಹಾಕಬೇಕೆನ್ನಿಸಿತಂತೆ. ಕೀಳಲಿಲ್ಲ. ಕೀಳಬಾರದೆಂದು ಎಲ್ಲರಿಗೂ ಹೇಳಿದವಳೇ ಅವಳು. ಎಲೆರಿ ಅಂಚೆ ಕಚೇರಿ ಮುಚ್ಚಿ ಓಡಿಬಂದು, ಪ್ಲಾಸ್ಟಿಕ್ ಅಂಗಿಯ ದಾರ ಕಟ್ಟಲಾಗದೆ ಬಾಗಿಲಲ್ಲಿ ತಡಕಾಡುತ್ತಿರುವಾಗಲೇ ಮುದುಕನ ಉಸಿರು ನಿಂತಿತು. ಅದೇ ವಾರ ಹೆಡ್‌ಮಾಸ್ತರರೂ ಹೋದರು, ಇನ್ನೊಬ್ಬ ಅಜ್ಜಿಯೂ ಹೋದಳು.

ಊರಿನ ಪತ್ರಿಕೆಗೆ ಎಲೆಯ ಫಲಕದ ಮುಂದೆ ತೆಗೆಸಿಕೊಂಡ ಫೋಟೋ ಸಿಕ್ಕಿತು. ಮಧ್ಯದಲ್ಲಿ ಗಾಲಿಕುರ್ಚಿಯಲ್ಲಿ ನಗುತ್ತಿರುವ ಇಡ್ವಾಲ್, ಹಿಂದೆ ಮೆಯಿನಿರ್. ಕೆಳಗೆ ಎಲೆರಿಯ ಮಾತು: "ಇವರಿಗೆ ಭೂಮಿ ಉಳಿಸುವ ಹುಚ್ಚು. ನನ್ನ ಅಪ್ಪನನ್ನು ಉಳಿಸಲಿಲ್ಲ."

ಆ ಭಾನುವಾರ ಮೆಯಿನಿರ್ ಚಾಪೆಲ್ಲಿಗೆ ಹೋದಳು. ಹೋಗಬೇಡ ಎಂದು ಎಮ್ರಿಸ್ ಎಷ್ಟೋ ಹೇಳಿದ. ಅವಳು ಎಂದಿನ ಸಾಲಿನಲ್ಲಿ ಕೂತಳು. ಎಲೆರಿ ಬಂದಳು, ನೋಡಿದಳು, ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಅವಳ ಹಿಂದೆಯೇ ಇನ್ನಿಬ್ಬರು ಎದ್ದುಹೋದರು. ಮುಗಿದ ಮೇಲೆ ಹೊರಗೆ ಗೇಟಿನ ಬಳಿ ಮೆಯಿನಿರ್ ಕಾದಳು.

"ಎಲೆರಿ, ನಿಂಗೆ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ..."

"ಒಂದೇ ಒಂದು ಹೇಳು. ಭಾನುವಾರ ನಮ್ಮಪ್ಪನಿಗೆ ಉಣಿಸಿದೋರ ಕೈಯಲ್ಲಿ ಗ್ಲೌಸು ಇತ್ತೋ ಇಲ್ವೋ?"

"ಇರ್ಲಿಲ್ಲ."

"ಯಾಕಿರ್ಲಿಲ್ಲ?"

ಮೆಯಿನಿರ್ ಹೇಳಬಹುದಿತ್ತು. ಉಣಿಸುವಾಗ ಬೇಕಾಗಿಲ್ಲ, ಬೇಕಾಗಿದ್ದದ್ದು ಅದಕ್ಕೆ ಮುಂಚೆ, ಪಕ್ಕದ ಹಾಸಿಗೆಯ ಹತ್ತಿರ. ಆಗ ಬೀರು ಖಾಲಿಯಿತ್ತು, ಖಾಲಿ ಮಾಡಿದವರು ಬೇರೆಯವರು. ಕರಿಬಟ್ಟೆ ಉಟ್ಟು ನಿಂತ ಮಗಳ ಮುಂದೆ ಅದೆಲ್ಲ ಬಾಯಿಗೆ ಬರಲಿಲ್ಲ. ಎಲೆರಿ ಇಳಿಜಾರಿನ ರಸ್ತೆ ಹಿಡಿದು ಹೋದಳು.

ವಿಚಾರಣೆ ಮೇಲಂತಸ್ತಿನ ಕೋಣೆಯಲ್ಲಿ ನಡೆಯಿತು. ಪ್ರಥೆರೋ, ಹೆಲೆಡ್, ಮತ್ತೆ ಬೇರೆ ಊರಿನಿಂದ ಬಂದ ಒಬ್ಬ ಹೆಂಗಸು. ಒಬ್ಬೊಬ್ಬರನ್ನೇ ಕರೆದರು.

ಮೊದಲು ಡೆಲಿತ್. ಗ್ಲೌಸು ಇರಲಿಲ್ಲ ಎಂದಳು. ಹಾಗಿದ್ದರೆ ಮೇಲಿನವರಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದರು. ಫೋನು ಮಾಡಿದೆ, ಎತ್ತಲಿಲ್ಲ ಎಂದಳು. ಅಂಥ ಕರೆ ಬಂದದ್ದು ನಮಗೆ ಎಲ್ಲೂ ಕಾಣುತ್ತಿಲ್ಲವಲ್ಲ ಎಂದರು. ಕೈಗವಸಿಲ್ಲದೆ ಮಲ ಮುಟ್ಟಿ, ಆಮೇಲೆ ಇನ್ನೊಬ್ಬರಿಗೆ ಉಣಿಸುವುದು ಕೆಲಸದಿಂದ ತೆಗೆಯುವಂಥ ತಪ್ಪು, ಅದು ನಿಮಗೆ ಗೊತ್ತಿತ್ತೇ ಎಂದು ಆ ಹೆಂಗಸು ಮೆತ್ತಗೆ ಕೇಳಿದಳು. ಪ್ರಥೆರೋ ನೀರಿನ ಲೋಟ ಅವಳ ಕಡೆ ಸರಿಸಿ, "ನಿಮಗೆ ಯಾರಾದ್ರೂ ಬೇರೆ ರೀತಿ ಹೇಳಿಕೊಟ್ಟಿದ್ರಾ ಡೆಲಿತ್? ನೆನಪು ಮಾಡಿಕೊಳ್ಳಿ" ಎಂದ.

ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಮುಂದಿನ ತಿಂಗಳ ಬಾಡಿಗೆ ಅವಳ ಕಣ್ಣ ಮುಂದೆ ಬಂದವೋ ಏನೋ.

"ಮೆಯಿನಿರ್ ಹಾಕ್ಕೋಬೇಡಿ ಅಂತ ಹೇಳ್ತಿದ್ಲು" ಎಂದಳು.

ಅಷ್ಟೇ. ಮತ್ತೇನೂ ಕೇಳದೆ ಕಳಿಸಿಬಿಟ್ಟರು.

ಮೆಯಿನಿರ್‌ಳನ್ನು ಕರೆದಾಗ ಹೆಲೆಡ್ ತಲೆ ಎತ್ತದೆ, "ಕೂತ್ಕೊಳ್ಳಿ" ಎಂದಳಂತೆ. ಕೂತ್ಕೊ ಅನ್ನಲಿಲ್ಲ. ಏನಾಗಲಿದೆ ಎನ್ನುವುದು ಮೆಯಿನಿರ್‌ಗೆ ಆಗಲೇ ತಿಳಿಯಿತು.

"ಕೈಗವಸು ಹಾಕಬೇಡಿ ಅಂತ ನೀವು ಸಿಬ್ಬಂದಿಗೆ ಹೇಳಿದ್ದು ನಿಜವೇ?"

"ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಹೇಳಿದ್ದೆ. ದಿನಾ ಹೇಳ್ತಿದ್ದೆ."

"ಎಲ್ಲರಿಗೂ ಅದು ಸರಿಯಾಗಿ ಅರ್ಥವಾಗಿತ್ತು ಅಂತ ನೀವು ಖಾತ್ರಿಯಾಗಿ ಹೇಳ್ತೀರಾ?"

ಇಲ್ಲಿ ಇನ್ನೊಬ್ಬಳಾಗಿದ್ದರೆ ಹೌದು ಎನ್ನುತ್ತಿದ್ದಳು. ಮೆಯಿನಿರ್ ಯೋಚಿಸಿದಳು. ಇದೇ ಪ್ರಶ್ನೆ ಇಡ್ವಾಲ್ ಸತ್ತ ದಿನದಿಂದ ಅವಳನ್ನು ಒಳಗೇ ಕೊರೆಯುತ್ತಿತ್ತು. ನಾನು ಹೇಳಿದ್ದು ಒಂದು, ಸುಸ್ತಾದ ಕಿವಿಗಳು ಕೇಳಿಸಿಕೊಂಡದ್ದು ಇನ್ನೊಂದು ಇರಬಹುದೇ?

"ನಾನು ಏನು ಹೇಳಿದೆ ಅನ್ನೋದು ನಂಗೆ ಗೊತ್ತು. ಅವರಿಗೆ ಏನು ಕೇಳಿಸ್ತು ಅನ್ನೋದು ಗೊತ್ತಿಲ್ಲ. ಆದ್ರೆ ಬೀರು ಖಾಲಿಯಿತ್ತು. ಅದನ್ನೂ ಬರ್ಕೊಳ್ಳಿ."

"ಅದು ಬೇರೆ ವಿಷಯ," ಎಂದ ಪ್ರಥೆರೋ. "ಅದನ್ನ ಬೇರೆಯಾಗಿ ನೋಡ್ತೀವಿ."

ಯಾವತ್ತೂ ನೋಡಲಿಲ್ಲ.

ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಮೆಯಿನಿರ್‌ಗೆ ಎಚ್ಚರಿಕೆ ಕೊಟ್ಟರು. ಅವಳ ಪ್ರಯತ್ನ ನಿಂತಿತು. ಅದರ ಬದಲು ಹೊಸ ನಿಯಮ ಬಂತು: ವಾರ್ಡಿನೊಳಗೆ ಕಾಲಿಡುವಾಗಲೇ ಕೈಗವಸು, ಪ್ರತಿ ಹಾಸಿಗೆಗೂ ಹೊಸದು, ಚಹಾ ಕೊಟ್ಟರೂ ಸರಿ, ಗಡಿಯಾರ ನೋಡಿ ಹೇಳಿದರೂ ಸರಿ. ಈಗ ಡಬ್ಬಿಗಳಿಗೆ ಬರವಿಲ್ಲ. ನನ್ನ ಮೇಜಿನ ಹಿಂದೆಯೂ ಪೇರಿಸಿಟ್ಟರು. ಕಸ ಎತ್ತುವವನು ದಿನಕ್ಕೆ ಎರಡು ಸಲ ಬರತೊಡಗಿದ. ಬಾಗಿಲಿನ ಹಸಿರು ಎಲೆಯನ್ನು ಮಾತ್ರ ಕೀಳಲಿಲ್ಲ. ವರ್ಷದ ಕೊನೆಗೆ ಇಂತಿಷ್ಟು ಹಸಿರು ವಾರ್ಡುಗಳಿವೆ ಎಂದು ಮೇಲಿನವರು ಲೆಕ್ಕ ತೋರಿಸಬೇಕಿತ್ತು.

ಮೆಯಿನಿರ್‌ಳ ಕೈ ಮೊದಲಿಗಿಂತ ಕೆಟ್ಟಿತು. ಈ ಸಲ ಬಿರುಕು ಅಂಗೈಗೂ ಇಳಿಯಿತು. ಆದರೂ ರಜೆ ಹಾಕದೆ ಬಂದಳು. ಪಾಳಿ ಬದಲಾಗುವಾಗ ಮೂಲೆಯಲ್ಲಿ ನಿಲ್ಲುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಪಿಂಗಾಣಿ ಲೋಟದ ವಿಷಯ ಏನಾಯಿತು ಎಂದು ಯಾರೋ ಕೇಳಿದರೆ, "ಯಾವ ಲೋಟ?" ಎಂದಳು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಯಾರಿಗೋ ಚುಚ್ಚುಮದ್ದು ಕೊಡುವಾಗ ಸಿರಿಂಜು ಹಿಡಿಯಲಾಗದೆ ಜಾರಿ ಬಿತ್ತು. ಚರ್ಮದ ಡಾಕ್ಟರು ನೋಡಿ, ಇನ್ನು ರೋಗಿಗಳನ್ನು ಮುಟ್ಟುವ ಕೆಲಸ ಮಾಡಕೂಡದು ಎಂದರು.

ಅವಳನ್ನು ನೆಲಮಾಳಿಗೆಯ ಒಂದು ಕೋಣೆಗೆ ಹಾಕಿದರು. ಅಲ್ಲಿ ಕೂತು ಫೋನು ಮಾಡುವುದು, ಡಾಕ್ಟರನ್ನು ಕಾಣಲು ನಿಮಗೆ ಕೊಟ್ಟ ತಾರೀಕು ಮುಂದಕ್ಕೆ ಹೋಗಿದೆ ಎಂದು ಜನರಿಗೆ ತಿಳಿಸುವುದು. ಮೇಲೆ ವಾರ್ಡಿನಲ್ಲಿ ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ.

ಡೆಲಿತ್ ಮೆಯಿನಿರ್‌ಳ ಮನೆಗೆ ಹೋದದ್ದು ಅಕ್ಟೋಬರಿನಲ್ಲಿ, ಒಂದು ಶನಿವಾರ ಮಧ್ಯಾಹ್ನ. ಅಷ್ಟರಲ್ಲಿ ಅವಳು ಆಸ್ಪತ್ರೆಯ ಕೆಲಸ ಬಿಟ್ಟಿದ್ದಳು. ಒಣದ್ರಾಕ್ಷಿ ಹಾಕಿದ ಬ್ರೆಡ್ಡು ತಾನೇ ಬೇಯಿಸಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದಳು. ಎಮ್ರಿಸ್ ಹಡಗಿನಲ್ಲಿದ್ದ. ಮೆಯಿನಿರ್ ಬಾಗಿಲು ತೆರೆದು ಒಳಗೆ ಬಿಟ್ಟಳು. ಚಹಾ ಮಾಡಿದಳು. ಬ್ರೆಡ್ಡು ಕೊಯ್ಯಲು ಚಾಕು ಹಿಡಿಯಲಾಗದಿದ್ದಾಗ ಡೆಲಿತ್ ತೆಗೆದುಕೊಂಡು ಕೊಯ್ದಳು.

"ಎಲ್ಲಿ ಕೆಲಸ ಈಗ?"

"ಬಂದರಿನ ಹತ್ರ ಮೀನು ಪ್ಯಾಕ್ ಮಾಡೋ ಕಡೆ. ಅಲ್ಲೂ ಗ್ಲೌಸೇ ಕಣೆ," ಎಂದು ಡೆಲಿತ್ ನಗಲು ಹೋದಳು. ನಗು ಬರಲಿಲ್ಲ. "ಮೀನು ಗಂಟೆ ಹೊಡೆಯಲ್ಲ, ಅದೊಂದೇ ಸುಖ."

ಮೆಯಿನಿರ್ ಚಹಾ ಕುಡಿದಳು.

"ಏನಾದ್ರೂ ಅನ್ನೇ ಮೆಯಿನಿರ್. ಬೈ. ಹೊಡಿ ಬೇಕಾದ್ರೆ."

"ಏನಂತ ಬೈಲಿ? ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಹೇಳ್ತಿದ್ನೇನೋ."

"ನೀನು ಹೇಳ್ತಿರ್ಲಿಲ್ಲ."

ಮೆಯಿನಿರ್ ಲೋಟ ಕೆಳಗಿಟ್ಟಳು.

"ಹೌದು," ಎಂದಳು. "ನಾನು ಹೇಳ್ತಿರ್ಲಿಲ್ಲ."

ಅದಾದ ಮೇಲೆ ಇಬ್ಬರೂ ಬೇರೆ ಏನೇನೋ ಮಾತಾಡಿದರಂತೆ. ಡೆಲಿತ್‌ಳ ಗಂಡನ ಸೊಂಟ, ಬಸ್ಸಿನ ಹೊಸ ವೇಳೆ, ಅಂಚೆ ಕಚೇರಿ ಮುಚ್ಚುತ್ತಾರೆ ಎಂಬ ಸುದ್ದಿ. ಹೊರಡುವಾಗ ಡೆಲಿತ್ ಬಾಗಿಲಲ್ಲಿ ತಿರುಗಿ, "ಅದೆಲ್ಲ ಶುರು ಮಾಡದೇ ಇದ್ದಿದ್ರೇ ಚೆನ್ನಾಗಿತ್ತು ಅನ್ಸತ್ತಾ ನಿಂಗೆ?" ಎಂದು ಕೇಳಿದಳು.

"ಚಳಿಯಿದೆ, ಬಾಗಿಲು ಹಾಕ್ತೀನಿ," ಎಂದಳು ಮೆಯಿನಿರ್.

ಡೆಲಿತ್ ಮತ್ತೆ ಹೋಗಲಿಲ್ಲ. ಮೆಯಿನಿರ್ ನೆಲಮಾಳಿಗೆಯಲ್ಲೇ ಇದ್ದಾಳೆ. ನಾನು ಆಗಾಗ ಊಟದ ಹೊತ್ತಿಗೆ ಇಳಿದುಹೋಗಿ ಅವಳ ಜೊತೆ ಕೂರುತ್ತೇನೆ. ಕೈಯ ಚರ್ಮ ಸ್ವಲ್ಪ ವಾಸಿ, ಆದರೆ ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಮೊನ್ನೆ ನಾನು ಹೋದಾಗ ಯಾರೋ ಅಜ್ಜಿಯ ಜೊತೆ ಫೋನಿನಲ್ಲಿದ್ದಳು. ಆ ಕಡೆಯಿಂದ ಅಜ್ಜಿ, ಇದು ಮೂರನೇ ಸಲ ಮುಂದಕ್ಕೆ ಹಾಕುತ್ತಿರುವುದು, ಹಾಗಾದರೆ ಯಾವಾಗ ಬರಲಿ ಎಂದು ಕೇಳುತ್ತಿದ್ದಳು.

"ಗೊತ್ತಿಲ್ಲ ಅಮ್ಮಾ," ಎಂದಳು ಮೆಯಿನಿರ್. "ಅವರು ನನಗೆ ಹೇಳಿಲ್ಲ."